ದೊಡ್ಡವರೊಬ್ಬರು ಜೊತೆಗಿದ್ದರೆ

ನಮ್ಮ ಹಾರ್ಡನ್‌ಬ್ರಿಜ್ ಕೌನ್ಸಿಲ್ಲಿನ ಶಾಲಾ ಪರಿಶೀಲನಾ ಸಮಿತಿಯಲ್ಲಿ ನಾನು ಕೂರಲು ಶುರುಮಾಡಿ ಮೂರು ವರ್ಷವಾಗಿತ್ತು. ಅಷ್ಟೂ ದಿನ ನನ್ನ ಕೈಯನ್ನು ಯಾರೂ ಎಣಿಸಿರಲಿಲ್ಲ. ಚುನಾವಣೆಯಲ್ಲಿ ಗೆದ್ದು ಬಂದ ಸದಸ್ಯರು ಹನ್ನೊಂದು ಜನ, ಚರ್ಚಿನವರು ಕಳಿಸಿದ ಪಾದ್ರಿ ಒಬ್ಬರು, ಮಕ್ಕಳ ತಂದೆತಾಯಂದಿರು ಆರಿಸಿದ ನಾನೊಬ್ಬಳು. ಕೌನ್ಸಿಲ್ ನಡೆಸುವ ಸಂಪುಟದವರು ಶಾಲೆಗಳ ಬಗ್ಗೆ, ಎಳೆಯರ ಬಗ್ಗೆ ಏನೇನು ತೀರ್ಮಾನ ಮಾಡುತ್ತಾರೋ ಅದನ್ನೆಲ್ಲ ಕೆದಕಿ ನೋಡಿ ಪ್ರಶ್ನೆ ಕೇಳುವುದು ನಮ್ಮ ಕೆಲಸ. ಮತಕ್ಕೆ ಹಾಕಿದಾಗ ಗುಮಾಸ್ತೆ ಮೇಜಿನ ಆ ತುದಿಯಿಂದ ಎಣಿಸುತ್ತ ಬಂದು, ನಾನೂ ಪಾದ್ರಿಯೂ ಕೂತ ಮೂಲೆ ಸಿಗುವಷ್ಟರಲ್ಲಿ ಪೆನ್ನಿಗೆ ಮುಚ್ಚಳ ಹಾಕಿಬಿಡುತ್ತಿದ್ದಳು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಪಾದ್ರಿ ಆಲ್ಡ್ರಿಜ್ ಅವರಿಗೆ ಇದರಿಂದ ಬೇಸರವೇನೂ ಇರಲಿಲ್ಲ, ಎರಡನೆಯ ವಿಷಯಕ್ಕೆ ಬರುವ ಹೊತ್ತಿಗೆ ಅವರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ನನಗೆ ಬೇಸರವಿತ್ತು. ಆದರೆ ನಾನು ಶಾಲೆಯ ಅಡುಗೆಯವಳು, ಗೇನರ್ ಹೋಲ್‌ರಾಯ್ಡ್. ಒಂಬೈನೂರು ಮಕ್ಕಳಿಗೆ ಪೈ ಬೇಯಿಸುವವಳಿಗೆ ಕಾನೂನು ಎಲ್ಲಿ ತಿಳಿದೀತು ಎಂದು ನಾನೇ ಸುಮ್ಮನಿದ್ದೆ. ಆ ತಪ್ಪು ನನ್ನದೇ, ಬೇರೆಯವರ ಮೇಲೆ ಹಾಕುವುದಿಲ್ಲ.

ಅಕ್ಟೋಬರಿನಲ್ಲಿ ಸಂಪುಟದವರು ರೇವನ್‌ಶಾ ಬಸ್ಸನ್ನು ನಿಲ್ಲಿಸಲು ತೀರ್ಮಾನಿಸಿದರು.

ರೇವನ್‌ಶಾ ಅಂದರೆ ನಮ್ಮ ಹಳ್ಳಿ. ಗುಡ್ಡದ ಮೇಲೆ ಮೂವತ್ತು ಮನೆ, ಅದರಾಚೆ ಕಲ್ಲುಗಣಿ. ಹನ್ನೊಂದು ಮಕ್ಕಳು ಬೆಳಿಗ್ಗೆ ಆ ಬಸ್ಸು ಹತ್ತಿ ಪಟ್ಟಣದ ಶಾಲೆಗೆ ಇಳಿಯುತ್ತಿದ್ದರು, ಅವರಲ್ಲಿ ನನ್ನ ಮಗಳು ಟಾಮ್ಸಿನ್ ಒಬ್ಬಳು. ಈಗ ಕೌನ್ಸಿಲ್ಲಿನ ಕಾಗದ ಬಂತು. ಹಳ್ಳಿಯಿಂದ ಶಾಲೆಗೆ ಮೂರು ಮೈಲಿಗೆ ಎಂಬತ್ತು ಗಜ ಕಡಿಮೆಯಂತೆ. ಮೂರು ಮೈಲಿಯ ಒಳಗಿದ್ದು, ನಡೆಯಲು ಯೋಗ್ಯ ದಾರಿಯಿದ್ದರೆ ಬಸ್ಸು ಕೊಡಬೇಕಾಗಿಲ್ಲವಂತೆ. ಕೊನೆಯ ಸಾಲು ಹೀಗಿತ್ತು: ‘ದೊಡ್ಡವರೊಬ್ಬರು ಜೊತೆಗಿದ್ದರೆ ಈ ದಾರಿ ಮಕ್ಕಳು ನಡೆಯಲು ಯೋಗ್ಯವಾಗಿದೆ.’ ಜನವರಿಯಿಂದ ಜಾರಿ.

ಆ ಕಾಗದವನ್ನು ನಾನು ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯುವಾಗ ಓದಿದೆ, ಎರಡು ಸಲ ಓದಿದೆ. ಯಾರಪ್ಪಾ ಈ ದೊಡ್ಡವರು? ಹಳ್ಳಿಯಲ್ಲಿ ಬೆಳಿಗ್ಗೆ ಬಿಡುವಿರುವವರು ಯಾರೂ ಇಲ್ಲ. ನನ್ನ ಗಂಡ ಲಾರಿ ಓಡಿಸುತ್ತಾನೆ, ಶನಿವಾರ ಮುಖ ತೋರಿಸಿದರೆ ಹೆಚ್ಚು. ನಾನು ಆರೂಕಾಲಿಗೆ, ಕಲ್ಲುಗಣಿಯ ರಾತ್ರಿ ಪಾಳಿಯವರು ಮನೆಗೆ ಹೋಗುವ ವ್ಯಾನಿನಲ್ಲಿ ಮಿಕ್ಕ ಒಂದೇ ಸೀಟಿನಲ್ಲಿ ಕೂತು ಪಟ್ಟಣಕ್ಕೆ ಬರುತ್ತೇನೆ. ಏಳಕ್ಕೆ ಒಲೆ ಹಚ್ಚಿದರೆ ಹನ್ನೆರಡಕ್ಕೆ ಊಟ. ಕೌನ್ಸಿಲ್ಲಿನ ನಿಯಮದ ಪ್ರಕಾರ ಆ ದೊಡ್ಡ ಒಲೆಗಳನ್ನು ನಾನು ಸಹಿ ಹಾಕದೆ ಇನ್ನೊಬ್ಬರು ಹಚ್ಚುವ ಹಾಗಿಲ್ಲ. ಅಂದರೆ ಒಂದೋ ನಾನು ಕೆಲಸ ಬಿಡಬೇಕು, ಇಲ್ಲವೋ ಹನ್ನೆರಡು ವರ್ಷದ ಹುಡುಗಿಯನ್ನು ಗಣಿ ಲಾರಿಗಳು ಓಡಾಡುವ ಹಾಲೋ ಲೇನಿನಲ್ಲಿ ಕತ್ತಲಲ್ಲಿ ಒಬ್ಬಳನ್ನೇ ಬಿಡಬೇಕು.

ಮನೆಯಲ್ಲಿ ಟಾಮ್ಸಿನ್‌ಗೆ ಹೇಳಿದರೆ ಅವಳು ತಲೆಯೆತ್ತದೆ ಟೋಸ್ಟಿಗೆ ಬೆಣ್ಣೆ ಹಚ್ಚುತ್ತ ಅಂದಳು: “ನಾನೊಬ್ಳೇ ಹೋಗ್ತೀನಿ ಬಿಡಮ್ಮ.”

“ಆ ದಾರೀಲಿ ನಿನ್ನ ಒಬ್ಳನ್ನೇ ಕಳ್ಸೋದಕ್ಕಿಂತ ಕೆಲಸಾನೇ ಬಿಡ್ತೀನಿ.”

“ಕೆಲಸ ಬಿಟ್ಟು ಮನೇಲಿ ಕೂತ್ರೆ ದಿನಾ ನನ್ನ ತಲೆ ತಿಂತೀಯ. ಅದಕ್ಕಿಂತ ಲಾರಿನೇ ವಾಸಿ.”

ನಕ್ಕೆ. ಆದರೆ ಆ ಕೆಲಸ ನನಗೆ ಬೇಕಿತ್ತು. ಹದಿನಾಲ್ಕು ವರ್ಷ ನಾನು ಕಟ್ಟಿದ ಅಡುಗೆಮನೆ ಅದು.

ಡೆಸ್ಮಂಡ್ ಮರುದಿನವೇ ಫೋನ್ ಮಾಡಿದ. ಅವನು ನಿವೃತ್ತ ಬಸ್ ಡ್ರೈವರ್, ಸಮಿತಿಯಲ್ಲಿ ವಿರೋಧ ಪಕ್ಷದ ಸದಸ್ಯ. ನಮ್ಮಲ್ಲೊಂದು ಪದ್ಧತಿ ಉಂಟು. ಸಂಪುಟದ ತೀರ್ಮಾನವಾಗಿ ಐದು ದಿನದೊಳಗೆ ಐದು ಜನ ಸದಸ್ಯರು ಸಹಿ ಹಾಕಿದರೆ ಆ ತೀರ್ಮಾನಕ್ಕೆ ಅಲ್ಲೇ ತಡೆ ಬೀಳುತ್ತದೆ, ಸಂಪುಟದವರು ನಮ್ಮ ಸಮಿತಿಯ ಮುಂದೆ ಬಂದು ಉತ್ತರ ಹೇಳಬೇಕು.

“ನಾಕು ಸಹಿ ಸಿಕ್ತು ಕಣಮ್ಮ,” ಅಂದ ಡೆಸ್ಮಂಡ್. “ಐದ್ನೇವ್ನು ಮೀನು ಹಿಡಿಯಕ್ಕೆ ಹೋಗವ್ನೆ. ಕಾಲುವೆ ದಂಡೇಲಿ ಹುಡುಕ್ತಾ ಇದೀನಿ.”

ಐದನೆಯ ದಿನ ಸಂಜೆ, ಕಚೇರಿ ಮುಚ್ಚಲು ಹತ್ತು ನಿಮಿಷವಿದ್ದಾಗ, ಮೀನಿನ ವಾಸನೆ ಹೊಡೆಯುವ ಆ ಕಾಗದವನ್ನು ಅವನು ಗುಮಾಸ್ತೆಯ ಮೇಜಿನ ಮೇಲಿಟ್ಟ.

ಸಮಿತಿ ಸೇರುವ ಮೊದಲು ತಯಾರಿಗೆಂದು ನಾವು ಒಂದು ಗಂಟೆ ಬಾಗಿಲು ಹಾಕಿಕೊಂಡು ಕೂರುತ್ತೇವೆ. ಅಧ್ಯಕ್ಷೆ ಮಾರ್ಜರಿ ಥ್ವೇಟ್, ಎಪ್ಪತ್ತರ ಹತ್ತಿರದ ನಿವೃತ್ತ ಮುಖ್ಯೋಪಾಧ್ಯಾಯಿನಿ. ಸಂಪುಟದ ಪಕ್ಷದವರೇ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಪಕ್ಷದ ಗೆರೆ ದಾಟಿದವರಲ್ಲ. ಅವರೆದುರು ನಾನು ಹೇಳಿದೆ, ಸಮಿತಿಯವರು ಆ ದಾರಿಯಲ್ಲಿ ಒಮ್ಮೆ ನಡೆದು ನೋಡಲಿ ಎಂದು.

“ಸ್ಥಳ ನೋಡಕ್ಕೆ ನಾವು ಬೇಸಿಗೇಲಿ ಹೋಗೋದು ರೂಢಿ, ಮಿಸೆಸ್ ಹೋಲ್‌ರಾಯ್ಡ್,” ಅಂದರು ಮಾರ್ಜರಿ.

“ಮಕ್ಕಳು ಬೇಸಿಗೇಲಿ ಮಾತ್ರ ಶಾಲೆಗೆ ಹೋಗೋದು ರೂಢಿ ಇಲ್ವಲ್ಲ ಮೇಡಂ.”

ಮೂಲೆಯಿಂದ ಒಂದು ದನಿ ಬಂತು. ಪಾದ್ರಿ ಎಚ್ಚರವಾಗಿದ್ದರು. “ನಾನಂತೂ ಬರ್ತೀನಿ. ದಿನಾ ನಡೀರಿ ಅಂತ ಡಾಕ್ಟ್ರು ಬಾಯಿ ಬಡ್ಕೊತಾವ್ರೆ. ಮಾರ್ಜರಿ, ನಿಮಗೆ ಮಂಡಿ ನೋವಿದ್ರೆ ಬೇಡ ಬಿಡಿ.”

ಮಾರ್ಜರಿಯ ಮುಖ ಕೆಂಪಗಾಯಿತು. “ನನ್ನ ಮಂಡಿಗೇನೂ ಆಗಿಲ್ಲ. ಬುಧವಾರ,” ಅಂದರು.

ನವೆಂಬರಿನ ಆ ಬುಧವಾರ ಏಳೂ ಐದಕ್ಕೆ ಬಸ್ ನಿಲ್ದಾಣದಲ್ಲಿ ಸೇರಿದೆವು. ಇನ್ನೂ ಬೆಳಕು ಹರಿದಿರಲಿಲ್ಲ. ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ದರಿದ್ರ ಮುಖಕ್ಕೆ ರಾಚುತ್ತಿತ್ತು. ನಾನು ರಜೆ ಹಾಕಿ, ಹಿಂದಿನ ದಿನವೇ ಎಲ್ಲ ಅಡುಗೆ ಮಾಡಿಟ್ಟು ಬಂದಿದ್ದೆ. ಮಾರ್ಜರಿ ಮೂವತ್ತು ವರ್ಷ ಹಳೆಯ ಬೂಟು ಹಾಕಿ, ಕೋಲು ಹಿಡಿದು ಬಂದಿದ್ದರು. ಡೆಸ್ಮಂಡ್, ಪಾದ್ರಿ ಬಂದರು. ದಾರಿ ಅಳೆದು ಯೋಗ್ಯವೆಂದು ಬರೆದ ಅಧಿಕಾರಿ ಸೈಮನ್ ಕಿಡ್ ಬಂದ. ಎಲ್ಲರಿಗಿಂತ ಕೊನೆಗೆ, ಕನ್ನಡಿಯ ಹಾಗೆ ಹೊಳೆಯುವ ಷೂ ಹಾಕಿಕೊಂಡು, ಸಂಪುಟದಲ್ಲಿ ಮಕ್ಕಳ ಖಾತೆ ನೋಡಿಕೊಳ್ಳುವ ರೋಡ್ರಿಕ್ ಪೆಂಬರ್ಟನ್ ಕಾರಿನಿಂದಿಳಿದ. ಹನ್ನೊಂದು ಮಕ್ಕಳು ಸಾಲಾಗಿ ನಿಂತಿದ್ದರು. ಟಾಮ್ಸಿನ್ ಮುಂದೆ ನಡೆದಳು.

ಹಾಲೋ ಲೇನ್ ಅಂದರೆ ಎರಡು ಕಡೆ ಎದೆಮಟ್ಟದ ಕಲ್ಲುಗೋಡೆ, ನಡುವೆ ಸರಿಯಾಗಿ ಒಂದು ಲಾರಿಯ ಅಗಲ. ನಡೆಯುವವರಿಗೆಂದು ಬೇರೆ ಅಂಚಿಲ್ಲ. ಆ ಲೇನಿನ ಅರ್ಧಕ್ಕೆ ಬಂದಿರಬಹುದು, ಹಿಂದಿನಿಂದ ಗುಡುಗು ಕೇಳಿಸಿತು.

“ಲಾರಿ! ಗೋಡೆ ಹತ್ರೋ!” ಟಾಮ್ಸಿನ್ ಕೂಗಿದಳು.

ಬಸ್ಸು ತಪ್ಪಿದ ದಿನಗಳಲ್ಲಿ ಮಕ್ಕಳು ಇದನ್ನು ಕಲಿತಿದ್ದರು. ಕಪ್ಪೆಗಳ ಹಾಗೆ ಹಾರಿ ಗೋಡೆ ಹತ್ತಿ ಕಾಲನ್ನು ಹೊಲದ ಕಡೆ ಇಳಿಬಿಟ್ಟು ಕೂತರು. ದೊಡ್ಡವರು ನಾವು ಪೆದ್ದುಪೆದ್ದಾಗಿ ರಸ್ತೆಯಲ್ಲೇ ನಿಂತಿದ್ದೆವು. ಇಬ್ಬರು ಹುಡುಗಿಯರು ಮಾರ್ಜರಿಯ ತೋಳು ಹಿಡಿದು ಮೇಲಕ್ಕೆಳೆದರು. ಡೆಸ್ಮಂಡ್ ಪಾದ್ರಿಯನ್ನು ಹಿಂದಿನಿಂದ ನೂಕಿದ. ಟಾಮ್ಸಿನ್ ಎಲ್ಲರಿಗಿಂತ ಪುಟ್ಟವಳನ್ನು ಎತ್ತಿ ಮೇಲೆ ಕೂರಿಸಿ ತಾನು ಹತ್ತುವಷ್ಟರಲ್ಲಿ ಲಾರಿ ಬಂದೇಬಿಟ್ಟಿತು. ಅದರ ಹಿಂದಿನ ಚಕ್ರ ಅವಳ ಬೆನ್ನಿನ ಚೀಲದಿಂದ ಒಂದು ಗೇಣು ಆಚೆ ಹಾದುಹೋಯಿತು. ಒಂದೇ ಗೇಣು. ನಾನು ಅದೇ ಗೋಡೆಯನ್ನು ಸ್ವಲ್ಪ ಮುಂದೆ ಹತ್ತಿ ಕೂತು ನೋಡಿದೆ. ಲಾರಿ ಹೋದಮೇಲೆ ಇಳಿದು ಹೋಗಿ ಅವಳ ಚೀಲ ಮುಟ್ಟಿ ನೋಡಿದೆ. ಭಯ ಇಳಿದ ಜಾಗಕ್ಕೆ ಸಿಟ್ಟು ಏರಿತು, ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಪೆಂಬರ್ಟನ್ ಕೋಟಿನ ಮೇಲಿನ ಕೆಸರು ಒರೆಸಿಕೊಳ್ಳುತ್ತ, “ಡ್ರೈವರ್ ಇನ್ನೂ ನಿಧಾನಕ್ಕೆ ಬರಬೇಕಿತ್ತು,” ಅಂದ.

“ಬಸ್ಸಿನ ಡ್ರೈವರು ನಿಧಾನಕ್ಕೇ ಬರ್ತಿದ್ದ,” ಅಂದ ಡೆಸ್ಮಂಡ್.

ಮುಂದೆ ಹಳ್ಳ. ದಾಟುವ ಕಲ್ಲುಗಳು ನೀರಿನಡಿ ಇದ್ದವು. ಪಾದ್ರಿ ಮೊಣಕಾಲುವರೆಗೆ ಮುಳುಗಿ, ಚರ್ಚಿನಲ್ಲಿ ಆಡದ ಒಂದು ಮಾತು ಆಡಿದರು, ಮಕ್ಕಳು ಬಿದ್ದುಬಿದ್ದು ನಕ್ಕರು. ಹಳ್ಳ ದಾಟಿದರೆ ಅರ್ಧ ದಾರಿ. ಅಲ್ಲೊಂದು ಹಳೆಯ ಪಬ್ಬಿದೆ, ಫೋನಿಗೆ ಸಿಗ್ನಲ್ ಸಿಗುವುದು ಅಲ್ಲೇ. ಪೆಂಬರ್ಟನ್ ಷೂ ಕಳಚಿ ನೀರು ಸುರಿದು ಯಾರಿಗೋ ಫೋನ್ ಮಾಡಿದ. ಐದೇ ನಿಮಿಷಕ್ಕೆ ಕಾರು ಬಂತು.

“ನನಗೆ ಇನ್ನೊಂದು ಸಭೆ ಇದೆ,” ಅಂದ. “ಯಾರಾದ್ರೂ ಬರ್ತೀರಾ? ಮೂರು ಸೀಟಿದೆ.”

“ನಾವು ಹನ್ನೊಂದು ಜನ ಇದೀವಿ ಅಂಕಲ್,” ಅಂದಳು ಆ ಪುಟ್ಟವಳು, ನಿಜವಾಗಲೂ ಕರೆಯುತ್ತಿದ್ದಾನೆ ಎಂದುಕೊಂಡು.

ಸೈಮನ್ ತಲೆ ತಗ್ಗಿಸಿಕೊಂಡು ಕಾರು ಹತ್ತಿದ. ಪಾದ್ರಿ ಹತ್ತಲಿಲ್ಲ. ಮಾರ್ಜರಿ ಕಾರನ್ನು ಒಂದು ಗಳಿಗೆ ಆಸೆಯಿಂದ ನೋಡಿದ್ದು ನನಗೆ ಕಂಡಿತು. ಆಮೇಲೆ ಕೋಲು ನೆಲಕ್ಕೆ ಕುಟ್ಟಿ, ಮುಖ್ಯೋಪಾಧ್ಯಾಯಿನಿಯ ದನಿಯಲ್ಲಿ, “ಎಲ್ಲಾರೂ ಇದಾರಾ, ಎಣಿಸಿ!” ಅಂದರು.

ಶಾಲೆ ತಲುಪಿದಾಗ ಎಂಟೂ ಐವತ್ತೆರಡು. ಎಂಟೂ ನಲವತ್ತಕ್ಕೆ ಗೇಟು ಹಾಕುತ್ತಾರೆ. ತಡವಾಗಿ ಬಂದವರ ಪುಸ್ತಕದಲ್ಲಿ ಹನ್ನೊಂದು ಮಕ್ಕಳೂ ಹೆಸರು ಬರೆದರು. ಕಚೇರಿ ಕಿಟಕಿಯೊಳಗಿನ ಹೆಂಗಸು ಯಾಂತ್ರಿಕವಾಗಿ ಪುಸ್ತಕವನ್ನು ಮಾರ್ಜರಿಯ ಕಡೆಗೂ ತಳ್ಳಿದಳು. ಜನ್ಮದಲ್ಲಿ ಶಾಲೆಗೆ ತಡವಾಗಿ ಬಂದವರಲ್ಲ ಮಾರ್ಜರಿ. ಪೆನ್ನು ಹಿಡಿದು ಹೆಸರು ಬರೆದು, ಕಾರಣ ಎಂಬ ಕಡೆ ‘ನಡೆದು ಬಂದೆ’ ಎಂದು ಬರೆದರು.

ಮಾರನೆಯ ವಾರ ಸಂಜೆ ಆರಕ್ಕೆ ಸಮಿತಿ ಸೇರಿತು. ಪೆಂಬರ್ಟನ್ ನೀಟಾಗಿ ಮಾತಾಡಿದ. ಅಳತೆ ಸರಿ ಇದೆ, ಕಾನೂನು ಕಾನೂನೇ, ಯಾರ ಮೇಲೂ ದ್ವೇಷವಿಲ್ಲ. ನನ್ನ ಸರದಿ ಬಂದಾಗ ನಾನು ಸೈಮನ್ ಕಡೆ ತಿರುಗಿದೆ.

“ನೀವು ಆ ದಾರಿ ನೋಡಿದ್ದು ಯಾವತ್ತಪ್ಪ?”

“ಜೂನ್ ಇಪ್ಪತ್ನಾಕು.”

“ಎಷ್ಟೊತ್ತಿಗೆ?”

“ಬೆಳಿಗ್ಗೆ ಹನ್ನೊಂದು. ಭಾನುವಾರ.”

“ಗಣಿಗೆ ರಜೆ ದಿನ. ಆಯ್ತು. ಜೊತೆಗೆ ಯಾರಿದ್ರು?”

ಸೈಮನ್ ಕಿವಿ ಕೆಂಪಾಯಿತು. ಒಳ್ಳೆಯ ಹುಡುಗ, ಸುಳ್ಳು ಹೇಳಲು ಬಾರದು. “ನಮ್ಮ ನಾಯಿ,” ಅಂದ.

ಸಭೆ ಗೊಳ್ಳೆಂದಿತು. ನಾನು ಪೆಂಬರ್ಟನ್ನನ್ನು ನೋಡಿದೆ. “ದೊಡ್ಡವರೊಬ್ರು ಜೊತೆಗಿದ್ರೆ ದಾರಿ ಯೋಗ್ಯ ಅಂತ ಬರ್ದಿದೀರಿ. ಬುಧವಾರ ಆ ದೊಡ್ಡವರು ನೀವೇ. ಅರ್ಧ ದಾರೀಲಿ ದೊಡ್ಡವರು ಎಲ್ಲೋದ್ರು ಸಾಹೇಬ್ರೆ?”

“ಮಕ್ಕಳನ್ನ ಕರ್ಕೊಂಡು ಬರೋದು ನನ್ನ ಜವಾಬ್ದಾರಿ ಅಲ್ಲಮ್ಮ,” ಅಂದ ಅವನು. “ಅದು ತಂದೆತಾಯಿ ಜವಾಬ್ದಾರಿ. ಕಾನೂನು ಹಾಗೇ ಹೇಳತ್ತೆ.”

“ಸರಿ ಹಾಗಾದ್ರೆ. ನಾನೇ ಆ ದೊಡ್ಡವಳು. ಜನವರೀಲಿ ಬಸ್ಸು ನಿಂತ ದಿನದಿಂದ ಹನ್ನೊಂದು ಮಕ್ಕಳ ಜೊತೆ ನಾನೇ ನಡೀತೀನಿ. ಒಂಬತ್ತಕ್ಕೆ ಒಲೆ ಹಚ್ತೀನಿ. ಒಂಬೈನೂರು ಮಕ್ಕಳಿಗೆ ಊಟ ಎರಡು ಗಂಟೆಗೆ.”

“ಹೆದರಿಸ್ತಿದೀರಾ?”

“ಇಲ್ಲ, ಟೈಮ್ ಹೇಳ್ತಿದೀನಿ.”

ತೀರ್ಮಾನವನ್ನು ಮರುಯೋಚನೆಗೆಂದು ಸಂಪುಟಕ್ಕೆ ವಾಪಸ್ ಕಳಿಸಬೇಕೆ ಎಂದು ಮತಕ್ಕೆ ಹಾಕಿದರು. ಕಳಿಸಿ ಎಂದು ಡೆಸ್ಮಂಡ್ ಕಡೆಯ ಐದು ಕೈ ಎದ್ದವು. ಬೇಡವೆಂದು ಆರು. ಆ ಆರರಲ್ಲಿ ಮಾರ್ಜರಿಯದೂ ಒಂದು. ಗೋಡೆಯ ಮೇಲೆ ಕೂತು ಲಾರಿ ನೋಡಿದ ಹೆಂಗಸು! ನನಗೆ ಉಗಿಯಬೇಕೆನಿಸಿತು. ಗುಮಾಸ್ತೆ ಪೆನ್ನಿನ ಮುಚ್ಚಳ ಕೈಗೆತ್ತಿಕೊಂಡಳು.

“ಮುಚ್ಚಬೇಡಮ್ಮ,” ಅಂದೆ. ನನ್ನ ಕೈ ಇನ್ನೂ ಮೇಲೆಯೇ ಇತ್ತು. “ನನ್ನದು ಎಣಿಸಿಲ್ಲ.”

“ನೀವು ಮತ ಹಾಕೋ ಸದಸ್ಯರಲ್ಲ, ಮಿಸೆಸ್ ಹೋಲ್‌ರಾಯ್ಡ್,” ಅಂದರು ಮಾರ್ಜರಿ, ಮೆಲ್ಲಗೆ.

ಮೂರು ವಾರದಿಂದ ನಾನು ಕೌನ್ಸಿಲ್ಲಿನ ನಿಯಮದ ಪುಸ್ತಕವನ್ನು ಒಲೆಯ ಪಕ್ಕದಲ್ಲಿಟ್ಟುಕೊಂಡು ಓದಿದ್ದೆ. ಪುಟಕ್ಕೆಲ್ಲ ಗ್ರೇವಿ ಮೆತ್ತಿತ್ತು. “ನೂರ ಹದಿನಾಕನೇ ಪುಟ. ಶಿಕ್ಷಣದ ವಿಷಯ ಬಂದಾಗ ಚರ್ಚಿನವರು ಕಳಿಸಿದವರಿಗೂ ತಂದೆತಾಯಿ ಆರಿಸಿದವರಿಗೂ ಮತ ಉಂಟು.”

“ಇದು ಶಿಕ್ಷಣ ಅಲ್ಲ, ಬಸ್ಸಿನ ವಿಷಯ,” ಅಂದ ಪೆಂಬರ್ಟನ್.

“ಆ ಬಸ್ಸು ಎಲ್ಲಿಗೆ ಹೋಗತ್ತೆ ಸ್ವಾಮಿ, ಸಿನಿಮಾಕ್ಕಾ?”

ಕೌನ್ಸಿಲ್ಲಿನ ಕಾನೂನು ಅಧಿಕಾರಿ ಪ್ರತಿ ಸಭೆಯಲ್ಲೂ ಕಿಟಕಿಯ ಪಕ್ಕ ಕೂತಿರುತ್ತಾನೆ. ಅವನ ದನಿ ಹೇಗಿದೆ ಎಂದೇ ನನಗೆ ತಿಳಿದಿರಲಿಲ್ಲ. ಮಾರ್ಜರಿ ಅವನ ಕಡೆ ನೋಡಿದರು. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.

“ಮಕ್ಕಳನ್ನ ಶಾಲೆಗೆ ತಲುಪಿಸೋದು ಶಿಕ್ಷಣದ ಕಾನೂನಲ್ಲೇ ಬರತ್ತೆ. ಇಬ್ರಿಗೂ ಮತ ಇದೆ.”

“ಯಾವಾಗಿಂದ?” ಅಂದೆ.

“ಮೊದಲಿಂದ್ಲೂ.”

ಮೂರು ವರ್ಷ! ನದಿಯಾಚೆಯ ಪುಟ್ಟ ಶಾಲೆಯನ್ನು ಮುಚ್ಚುವಾಗ ನಾನು ಬೇಡವೆಂದು ಕೈಯೆತ್ತಿದ್ದೆ. ಮಾತು ತಡವಾದ ಮಕ್ಕಳ ತರಗತಿಯನ್ನು ತೆಗೆಯುವಾಗ ಎತ್ತಿದ್ದೆ. ಅದರಲ್ಲಿ ಒಂದು ಸಲ ಬೇಡವೆಂದವರು ಒಂದೇ ಮತದಿಂದ ಸೋತಿದ್ದರು. ಯಾರೂ ಮೋಸ ಮಾಡಿರಲಿಲ್ಲ. ಯಾರಿಗೂ ನೋಡಬೇಕೆನಿಸಿರಲಿಲ್ಲ, ಅಷ್ಟೆ. ನನಗೆ ಅಳು ಬಂತು, ಸಿಟ್ಟಿನ ಅಳು, ಅದನ್ನು ನುಂಗಿಕೊಂಡು ಕೈಯನ್ನು ಇನ್ನೂ ಮೇಲಕ್ಕೆತ್ತಿದೆ.

“ಆರು ಆರು,” ಅಂದಳು ಗುಮಾಸ್ತೆ.

“ನನ್ನ ಕೈ ಯಾಕೆ ಬಿಟ್ಟೆಯಮ್ಮ?” ಅಂದರು ಪಾದ್ರಿ. “ಇವತ್ತು ನಿದ್ದೆ ಮಾಡಿಲ್ಲ.”

ಏಳಕ್ಕೆ ಆರು. ವಾಪಸ್ ಕಳಿಸಿದೆವು.

ಹೊರಗೆ ಮೆಟ್ಟಿಲ ಮೇಲೆ ಮಾರ್ಜರಿ ನನ್ನನ್ನು ನಿಲ್ಲಿಸಿದರು. “ನೀವು ನನ್ನ ಬಗ್ಗೆ ಏನಂದ್ಕೊಂಡಿದೀರಿ ಅಂತ ಗೊತ್ತು.”

“ಗೊತ್ತಿದ್ರೆ ಸರಿ,” ಅಂದೆ.

“ಸಮಿತಿ ಮಾತನ್ನ ಸಂಪುಟದ ಮುಂದೆ ಓದಬೇಕಾದೋಳು ಅಧ್ಯಕ್ಷೆ. ನಾನು ಸೋತ ಕಡೆಯವಳು ಅಂತ ಒಂದಕ್ಷರಾನೂ ನುಂಗಲ್ಲ. ಅದಷ್ಟನ್ನ ನಂಬಿ.”

ನುಂಗಲಿಲ್ಲ, ಅದನ್ನು ಒಪ್ಪಬೇಕು. ಸಂಪುಟದ ಸಭೆಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ, ಅಲ್ಲಿ ನನಗೆ ಮಾತಿಲ್ಲ. ಮಾರ್ಜರಿ ತನ್ನದೇ ಪಕ್ಷದವರೆದುರು ನಿಂತು ಲಾರಿ, ಹಳ್ಳ, ಕಾರು, ಎಲ್ಲವನ್ನೂ ಓದಿದರು. ತಡವಾದವರ ಪುಸ್ತಕದಲ್ಲಿ ತನ್ನ ಹೆಸರಿದ್ದ ಪುಟದ ನಕಲನ್ನೂ ಮೇಜಿನ ಮೇಲಿಟ್ಟರು. ಆದರೆ ನಮ್ಮ ಸಮಿತಿಗಿರುವ ಅಧಿಕಾರ ‘ಇನ್ನೊಮ್ಮೆ ನೋಡಿ’ ಅನ್ನುವಷ್ಟೇ. ಅವರು ಇನ್ನೊಮ್ಮೆ ನೋಡಿದರು. ನಾಲ್ಕು ನಿಮಿಷ ಹಿಡಿಯಿತು. ತೀರ್ಮಾನ ಹಾಗೆಯೇ ಉಳಿಯಿತು.

ಸರಿ, ನಾನು ಟೈಮ್ ಹೇಳಿಯಾಗಿತ್ತಲ್ಲ. ಹೆಡ್‌ಮಾಸ್ಟರಿಗೂ ಬರೆದು ತಿಳಿಸಿದೆ. ಅವರು ಒಳ್ಳೆಯವರೇ, ಆದರೆ ಕೌನ್ಸಿಲ್ಲಿನವರು ಕೆಮ್ಮಿದರೂ ಬೆಚ್ಚುವ ಸ್ವಭಾವ. “ಗೇನರ್, ನೀವು ಹಾಗೆಲ್ಲ ಮಾಡಲ್ಲ ಅಂತ ನಂಗೊತ್ತು,” ಅಂದರು. ಅವರಿಗೆ ಗೊತ್ತಿರಲಿಲ್ಲ.

ಜನವರಿಯ ಮೊದಲ ಸೋಮವಾರ ವ್ಯಾನು ಬಂದು ಹಾರ್ನ್ ಹೊಡೆದಾಗ ನಾನು ಬಾಗಿಲಿಂದಲೇ ಕೈಬೀಸಿ ಹೋಗು ಅಂದೆ. ಏಳಕ್ಕೆ ಹನ್ನೊಂದು ಮಕ್ಕಳನ್ನು ಎಣಿಸಿಕೊಂಡು ಹೊರಟೆ. ಹಾಲೋ ಲೇನಿನಲ್ಲಿ ನಾಲ್ಕು ಸಲ ಗೋಡೆ ಹತ್ತಿದೆವು. ಪಬ್ಬಿನ ಹತ್ತಿರ ಬಂದದ್ದೇ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು, ನಾನು ತೆಗೆಯಲಿಲ್ಲ. ಮಕ್ಕಳನ್ನು ತರಗತಿಗೆ ಬಿಟ್ಟು, ಕಾಲು ಒರೆಸಿ, ಏಪ್ರನ್ ಕಟ್ಟಿ, ಒಂಬತ್ತಕ್ಕೆ ಸಹಿ ಹಾಕಿ ಒಲೆ ಹಚ್ಚಿದೆ. ನನ್ನ ನಾಲ್ವರು ಸಹಾಯಕಿಯರು ಎರಡು ಗಂಟೆ ಕೈಕಟ್ಟಿ ಟೀ ಕುಡಿಯುತ್ತ ಕೂತಿದ್ದರು. ಒಬ್ಬಳೂ ಗೊಣಗಲಿಲ್ಲ.

ಹನ್ನೆರಡಕ್ಕೆ ಮಕ್ಕಳು ತಟ್ಟೆ ಹಿಡಿದು ಸಾಲು ನಿಂತರು. ಆಗ ನನಗೆ ಚೆನ್ನಾಗಿತ್ತು ಎಂದರೆ ಸುಳ್ಳು. ಹಸಿದ ಮಕ್ಕಳ ಮುಖ ನೋಡುವುದು ನನ್ನ ಕೆಲಸವಲ್ಲ. ಬ್ರೆಡ್ಡು, ಚೀಸು, ಸೇಬು ಕೊಟ್ಟೆ. ಬಿಸಿ ಊಟ ಎರ‍ಡಕ್ಕೆ ಎಂದು ಹಲಗೆಯ ಮೇಲೆ ಬರೆದೆ. ಎರಡಕ್ಕೆ ಊಟವಾದ್ದರಿಂದ ಮಧ್ಯಾಹ್ನದ ಪಾಠವೆಲ್ಲ ಕಲಸುಮೇಲೋಗರವಾಯಿತು. ಮಂಗಳವಾರವೂ ಹಾಗೇ. ಸೋಮವಾರ ಸಂಜೆಯಿಂದಲೇ ಪಟ್ಟಣದ ತಂದೆತಾಯಂದಿರು ಕೌನ್ಸಿಲ್ಲಿಗೆ ಫೋನ್ ಮಾಡಲು ಶುರುಮಾಡಿದ್ದರು. ಕೆಲವರು ನನ್ನನ್ನು ಬೈದರಂತೆ. ಉಳಿದವರು ರೇವನ್‌ಶಾ ಬಸ್ಸು ಯಾಕೆ ನಿಂತಿತು ಎಂದು ಕೇಳಿದರಂತೆ. ಅಲ್ಲಿಯವರೆಗೆ ಆ ಹನ್ನೊಂದು ಮಕ್ಕಳ ಸುದ್ದಿ ಅವರ ಕಿವಿಗೆ ಬಿದ್ದೇ ಇರಲಿಲ್ಲ.

ಬುಧವಾರ ಹನ್ನೆರಡೂವರೆಗೆ ಪೆಂಬರ್ಟನ್ ಅಡುಗೆಮನೆಗೆ ಬಂದ, ಹಿಂದೆಯೇ ಹೆಡ್‌ಮಾಸ್ಟರ್. ನಾನು ಹಿಟ್ಟು ಲಟ್ಟಿಸುತ್ತಿದ್ದೆ.

“ಒಂಬೈನೂರು ಮಕ್ಕಳನ್ನ ಅಡ ಇಟ್ಟಿದೀರಿ ನೀವು,” ಅಂದ.

“ಹನ್ನೊಂದು ಮಕ್ಕಳನ್ನ ನೀವಿಟ್ರಿ. ನಾನು ನಿಮ್ಮ ಕಾಗದದಲ್ಲಿ ಇದ್ದದ್ದನ್ನ ಮಾಡ್ತಾ ಇದೀನಿ, ಒಂದಿಂಚು ಹೆಚ್ಚಿಲ್ಲ, ಒಂದಿಂಚು ಕಡಿಮೆ ಇಲ್ಲ. ಅಲ್ಲಿ ಬರೆದಿರೋ ದೊಡ್ಡವರಿಗೆ ಬೇರೆ ಕೆಲಸ ಇರತ್ತೆ ಅಂತ ನೀವು ಯೋಚ್ನೆ ಮಾಡ್ಲಿಲ್ಲ. ಹೆಂಗಸರಿಗೇನು ಕೆಲಸ, ನಡೀಲಿ ಅಂದ್ಕೊಂಡ್ರಿ.”

ಅವನು ಒಲೆಗಳನ್ನು ನೋಡಿದ, ನನ್ನ ಸಹಾಯಕಿಯರನ್ನು ನೋಡಿದ. ನಾಲ್ವರೂ ಕೆಲಸ ನಿಲ್ಲಿಸಿ ಅವನನ್ನೇ ದಿಟ್ಟಿಸುತ್ತಿದ್ದರು.

“ನಾಳೆಯಿಂದ ಬಸ್ಸು ಬರತ್ತೆ,” ಅಂದ ಕೊನೆಗೆ. “ದಾರಿ ಮತ್ತೆ ಪರಿಶೀಲಿಸೋವರೆಗೆ.”

“ಬರೆದು ಕೊಡಿ.”

“ನನ್ನ ಮಾತಲ್ಲಿ ನಂಬಿಕೆ ಇಲ್ವಾ?”

“ನಿಮ್ಮ ಮಾತಿನ ಮೇಲೆ ಮೂರು ದಿನ ನಡೆದಿದೀನಿ. ಕಾಲು ನೋಯ್ತಿದೆ.”

ಊಟದ ಪಟ್ಟಿಯ ಹಿಂಬದಿಗೆ ಬರೆದು ಸಹಿ ಹಾಕಿದ. ಹೆಡ್‌ಮಾಸ್ಟರ್ ಉಸಿರು ಬಿಟ್ಟು, “ಹಾಗಾದ್ರೆ ನಾಳೆ ಏಳಕ್ಕೆ ಒಲೆ?” ಅಂದರು.

“ನಮ್ಮ ಹುಡುಗಿ ಬಸ್ಸಲ್ಲಿ ಕೂತು, ಬಸ್ಸು ಹೊರಟಿದ್ದು ಕಣ್ಣಾರೆ ನೋಡಿದ ಮೇಲೆ.”

ಗುರುವಾರ ಏಳೂ ಐವತ್ತಕ್ಕೆ ಬಸ್ಸು ಬಂತು. ಮಕ್ಕಳು ನೂಕಾಡಿ ಹತ್ತಿದರು. ನಾನು ಕೊನೆಯವರೆಗೂ ಕೆಳಗೆ ನಿಂತು ಎಣಿಸಿದೆ. ಟಾಮ್ಸಿನ್ ಕಿಟಕಿಯಿಂದ, “ಹೋಗಮ್ಮ, ಎಲ್ರೂ ನೋಡ್ತಾವ್ರೆ,” ಎಂದು ಹಲ್ಲು ಕಚ್ಚಿದಳು. ಡ್ರೈವರು, “ಹತ್ತಿ ಅಕ್ಕಾ, ಯಾರು ನೋಡ್ತಾರೆ,” ಅಂದ. ನಾನು ಹತ್ತಲಿಲ್ಲ. ಮಕ್ಕಳ ಬಸ್ಸು ಅದು. ಅದನ್ನು ನಿಲ್ಲಿಸಲು ಅವರಿಗೆ ನಾನೇ ಒಂದು ನೆಪ ಕೊಡುವುದು ಯಾಕೆ? ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಒಬ್ಬಳೇ ನಡೆದು ಹೊರಟೆ.

ಅಡುಗೆಮನೆಯ ಬಾಗಿಲಲ್ಲಿ ಹೆಡ್‌ಮಾಸ್ಟರ್ ಒಂದು ಕಾಗದ ಹಿಡಿದು ನಿಂತಿದ್ದರು. ನನ್ನ ಮುಖ ನೋಡಲಿಲ್ಲ. ಮೂರು ದಿನ ತಡವಾಗಿ ಬಂದದ್ದಕ್ಕೆ ಕೌನ್ಸಿಲ್ಲಿನ ಎಚ್ಚರಿಕೆ ಪತ್ರ. ಕೆಳಗೆ ಅಚ್ಚಾಗಿತ್ತು: ‘ನನ್ನ ತಪ್ಪನ್ನು ಒಪ್ಪಿಕೊಂಡಿದ್ದೇನೆ. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.’ ಅದರಡಿ ಸಹಿಗೆ ಗೆರೆ.

“ಸುಮ್ನೆ ಒಂದು ಸಹಿ ಹಾಕಿಬಿಡಿ ಗೇನರ್,” ಅಂದರು. “ಇಲ್ಲಿಗೆ ಮುಗಿಯತ್ತೆ.”

ಅವರ ಜೇಬಿನಿಂದಲೇ ಪೆನ್ನು ತೆಗೆದುಕೊಂಡು ಆ ಎರಡೂ ಸಾಲನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ಬರೆದೆ: ‘ಬಸ್ಸು ನಿಂತರೆ ಮತ್ತೆ ಹೀಗೇ ಮಾಡುತ್ತೇನೆ.’ ಅದರಡಿ ಸಹಿ ಹಾಕಿದೆ.

ಅವರು ಓದಿ ಬೆವರು ಒರೆಸಿಕೊಂಡರು. “ಇದನ್ನ ಹೀಗೇ ಕಳಿಸಿದ್ರೆ ನಿಮ್ಮ ಕೆಲಸ ಹೋಗಬಹುದು.”

“ಹೀಗೇ ಕಳಿಸಿ ಸರ್,” ಅಂದೆ. “ಸ್ವಲ್ಪ ಆಚೆ ನಿಂತ್ಕೊಳಿ, ಒಲೆ ಹಚ್ಚಬೇಕು.”